ಈ ಹೇಳಿಕೆಗೆ ನನ್ನ ಸಹಿ ಇಲ್ಲ

ಹಾಸ್ಟೆಲ್, ಮೂರನೇ ಮಹಡಿ
ಬುಧವಾರ, ಬೆಳಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅಮ್ಮನಿಗೆ ನಿನ್ನ ಮೊಂಡಿಯ ನಮಸ್ಕಾರ.

ನಾನಿಲ್ಲಿ ಕ್ಷೇಮ ಎಂದರೆ ನೀನು ನಂಬುವುದಿಲ್ಲ, ನೀನಲ್ಲಿ ಕ್ಷೇಮ ಎಂದು ನಾನೂ ನಂಬುವುದಿಲ್ಲ. ಆ ಸಾಲನ್ನು ಈ ಸಲ ಇಬ್ಬರೂ ಬಿಟ್ಟುಬಿಡೋಣ.

ನಿನ್ನ ಕವರು ಸೋಮವಾರ ಬಂತು. ಮೂರು ಪುಟದ ಪತ್ರ, ಅದರ ಜೊತೆಗೆ ಟೈಪು ಮಾಡಿದ ಒಂದು ಹಾಳೆ. ನೆತ್ತಿಯ ಮೇಲೆ ‘ಹೇಳಿಕೆ’ ಎಂಬ ಶೀರ್ಷಿಕೆ, ಅದಕ್ಕೊಂದು ಅಡಿಗೆರೆ, ಕೆಳಗೆ ಒಂದೇ ಒಂದು ವಾಕ್ಯ: ‘ಪರೀಕ್ಷಾರ್ಥಿಯು ಬಾಯಿಂದ ಹೇಳಿದ್ದನ್ನಷ್ಟೇ ನಾನು ಉತ್ತರಪತ್ರಿಕೆಯಲ್ಲಿ ಬರೆದಿರುತ್ತೇನೆ.’ ಬಲಗಡೆ ನನ್ನ ಸಹಿಗೆ ಚುಕ್ಕಿ ಗೆರೆ. ನಾನು ಎಲ್ಲಿ ತಪ್ಪಿಬಿಡುತ್ತೇನೋ ಎಂದು ಪೆನ್ಸಿಲಿನಲ್ಲಿ ಅಲ್ಲೊಂದು ಗುರುತು ಬೇರೆ. ಎಂಥ ಅಂದವಾದ ಹಾಳೆ ಅಮ್ಮ! ಇಪ್ಪತ್ತಾರು ವರ್ಷ ಸಾಹೇಬರ ಎದುರು ಕೂತು ಅವರು ಹೇಳಿದ್ದನ್ನು ಬರೆದುಕೊಂಡು ಟೈಪು ಮಾಡಿದ ಕೈ ಅದು, ಒಂದು ಕೂದಲಿನಷ್ಟೂ ಆಚೀಚೆ ಇಲ್ಲ. ಅದೇ ಹಾಳೆಯನ್ನು ಈ ಪತ್ರದ ಜೊತೆ ವಾಪಸು ಕಳಿಸುತ್ತಿದ್ದೇನೆ. ಸಹಿ ಹಾಕಿಲ್ಲ. ಹಾಕುವುದೂ ಇಲ್ಲ.

ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿದೆನಲ್ಲ, ಮೂರು ಸಲ. ನಾನು ‘ಅಮ್ಮ, ಸ್ವಲ್ಪ ಕೇಳು’ ಅನ್ನುವಷ್ಟರಲ್ಲಿ ನೀನು ಅಳುತ್ತೀಯ. ಇಲ್ಲದಿದ್ದರೆ ‘ನೀನು ಬಾಯಿ ಮುಚ್ಕೊಂಡಿರು, ಎಲ್ಲಾ ನಾನು ನೋಡ್ಕೋತೀನಿ’ ಅನ್ನುತ್ತೀಯ. ಪತ್ರದ ಮಧ್ಯೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ಬೇಕಾದರೆ ಹರಿದು ಬಿಸಾಡು, ಆದರೆ ಓದಿ ಮುಗಿಸಿದ ಮೇಲೆ.

ನಿನಗೆ ಗೊತ್ತಿರುವುದು ಅರ್ಧ. ಕಾಲೇಜಿನವರು ಕಳಿಸಿದ ನೋಟಿಸಿನಲ್ಲಿದ್ದ ಅರ್ಧ. ಇನ್ನರ್ಧ ನಾನು ಹೇಳಬೇಕು.

ಎರಡನೇ ಮಹಡಿಯಲ್ಲಿ ಒಬ್ಬಳಿದ್ದಾಳೆ. ಕಡೆಯ ವರ್ಷ, ಇತಿಹಾಸ. ಹಾಸ್ಟೆಲ್ಲಿನಲ್ಲಿ ಎಲ್ಲರೂ ಅವಳನ್ನು ‘ದೊರೆಸಾನಿ’ ಎನ್ನುತ್ತಾರೆ, ಎದುರಿಗೇ ಎನ್ನುತ್ತಾರೆ, ಅವಳಿಗೂ ಅದು ಖುಷಿ. ಹುಟ್ಟಿದಾಗಿನಿಂದ ಅವಳಿಗೆ ಕಣ್ಣು ಕಾಣುವುದಿಲ್ಲ. ‘ಕುರುಡಿ ಅಂತ ನಾನೇ ಹೇಳ್ಕೊಳ್ತೀನಿ, ನಿಮಗ್ಯಾಕಮ್ಮಾ ಮುಜುಗರ’ ಎಂದು ವಾರ್ಡನ್‌ಗೇ ಕೇಳಿದವಳು. ಅವಳ ಕಂಪ್ಯೂಟರು ಒತ್ತಿದ ಅಕ್ಷರವನ್ನೆಲ್ಲ ಬಾಯಿಬಿಟ್ಟು ಹೇಳುತ್ತದೆ. ಪರೀಕ್ಷೆಯನ್ನೂ ಅದರಲ್ಲೇ ಬರೆಯುತ್ತೇನೆ ಎಂದು ಎರಡು ವರ್ಷ ಅರ್ಜಿಯ ಮೇಲೆ ಅರ್ಜಿ ಹಾಕಿದಳು. ನಿಯಮದಲ್ಲಿ ಇಲ್ಲ ಎಂದರು. ನಿಯಮದಲ್ಲಿ ಇರುವುದು ಏನೆಂದರೆ, ಅವಳು ಬಾಯಲ್ಲಿ ಹೇಳಬೇಕು, ಕೆಳಗಿನ ತರಗತಿಯ ಬೇರೆ ವಿಷಯದ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಬರೆಯಬೇಕು. ಬರೆಯುವವಳಿಗೆ ವಿಷಯ ತಿಳಿದಿರಬಾರದು. ರಸಾಯನಶಾಸ್ತ್ರದ ಎರಡನೇ ವರ್ಷದವಳು ನಾನು, ಅಕ್ಷರ ದುಂಡಗೆ; ವಾರ್ಡನ್ ನನ್ನ ಹೆಸರು ಕೊಟ್ಟರು. ನಾನು ಬೀಗಿದೆ. ಪುಣ್ಯದ ಕೆಲಸ ಎಂದು ನಿನಗೆ ಫೋನು ಮಾಡಿ ಹೇಳಿದ್ದೆ, ನೆನಪಿದೆಯಾ? ‘ಒಳ್ಳೇದಾಗುತ್ತೆ ಮಗಳೇ’ ಎಂದು ನೀನೂ ಅಂದಿದ್ದೆ.

ಆ ಪುಣ್ಯವನ್ನು ಅವಳು ಮೊದಲನೇ ವಾರವೇ ಝಾಡಿಸಿ ಒದ್ದಳು.

ಚಪ್ಪಲಿ ಅಂಗಡಿಗೆ ಹೋಗಿದ್ದೆವು. ಅಂಗಡಿಯವನು ಅವಳ ಮುಂದೆ ನಿಂತುಕೊಂಡು, ಕಣ್ಣನ್ನು ನನ್ನ ಮೇಲಿಟ್ಟು, ‘ಇವರಿಗೆ ಯಾವ ಸೈಜು ಬೇಕು?’ ಎಂದು ಕೇಳಿದ. ನಾನು ಬಗ್ಗಿ ಅವಳ ಕಾಲು ನೋಡಿ ‘ಆರು ಇರಬಹುದು, ಕಪ್ಪು ಬಣ್ಣದ್ದು ಕೊಡಿ, ಕೊಳೆ ಕಾಣಲ್ಲ’ ಅಂದೆ. ಅವಳು ಹಾಕಿಕೊಂಡಿದ್ದ ಒಂದು ಚಪ್ಪಲಿಯನ್ನು ಅಲ್ಲೇ ಬಿಚ್ಚಿ, ತನ್ನ ಹಳೆಯದನ್ನು ಮೆಟ್ಟಿಕೊಂಡು, ಕೋಲು ತಟ್ಟುತ್ತ ಹೊರಗೆ ನಡೆದೇಬಿಟ್ಟಳು. ಹಿಂದೆಯೇ ನಾನೂ ರಸ್ತೆ ದಾಟಿದೆ. ಆಮೇಲೆ ಹೇಳಿದಳು: ‘ನನ್ನ ಕಾಲು. ನನ್ನ ಚಪ್ಪಲಿ. ನನಗೆ ಕೆಂಪು ಬೇಕಿತ್ತು.’ ನೋಡೋಕೇ ಆಗಲ್ಲವಲ್ಲ, ಯಾವ ಬಣ್ಣ ಆದರೇನು ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಅವಳು ನಕ್ಕಳು. ‘ನೀನು ನೋಡ್ತೀಯಲ್ಲ’ ಅಂದಳು. ಮರುದಿನ ಒಬ್ಬಳೇ ಹೋಗಿ ಕೆಂಪು ಚಪ್ಪಲಿ ತಂದಳು. ಎಂಥ ಕೆಂಪು ಅಂತೀಯ, ಹಾಸ್ಟೆಲ್ಲಿನ ಗೇಟಿನಿಂದಲೇ ಕಾಣುವಂಥದ್ದು.

ಅಮ್ಮ, ಅವತ್ತು ನನಗೆ ನಿನ್ನ ನೆನಪಾಯಿತು. ಡಾಕ್ಟರ ಹತ್ತಿರ ಹೋದಾಗ ‘ಹೊಟ್ಟೆ ಎಲ್ಲಿ ನೋಯುತ್ತೆ’ ಎಂದು ಅವರು ನನ್ನನ್ನು ಕೇಳಿದರೆ ‘ಎಡಗಡೆ ಸಾರ್, ಊಟ ಆದ ಮೇಲೆ’ ಎಂದು ನೀನು ಹೇಳುತ್ತಿದ್ದೆ. ನೋವು ಬಲಗಡೆ ಇರುತ್ತಿತ್ತು. ನಿನ್ನ ಮಾತು ಸುಳ್ಳಾಗಬಾರದಲ್ಲ ಎಂದು ನಾನು ಎಡಗಡೆ ಮುಟ್ಟಿ ತೋರಿಸುತ್ತಿದ್ದೆ. ಹತ್ತೊಂಬತ್ತು ವರ್ಷ ನನಗೆ ಯಾವ ವಿಷಯ ಹಿಡಿಸುತ್ತೆ, ಯಾರ ಸ್ನೇಹ ಹಿಡಿಸಲ್ಲ, ಎಲ್ಲವನ್ನೂ ನೀನೇ ಹೇಳಿದ್ದೀಯ. ನಾನು ಕೆಳಗೆ ಸಹಿ ಹಾಕಿದ್ದೇನೆ. ಪ್ರೀತಿಯಿಂದಲೇ ಹೇಳಿದ್ದೀಯ, ಗೊತ್ತು. ಚಪ್ಪಲಿ ಅಂಗಡಿಯಲ್ಲಿ ನಾನೂ ಪ್ರೀತಿಯಿಂದಲೇ ಕಪ್ಪು ಬಣ್ಣ ಹೇಳಿದ್ದು.

ನಾಲ್ಕು ತಿಂಗಳು ಅವಳಿಗೆ ಪಾಠ ಓದಿ ಹೇಳಿದೆ. ಅವಳು ಫೋನಿನಲ್ಲಿ ರೆಕಾರ್ಡು ಮಾಡಿಕೊಂಡು ಮತ್ತೆ ಮತ್ತೆ ಕೇಳುತ್ತಿದ್ದಳು. ಓದುವುದಕ್ಕೂ ಎಷ್ಟು ಶಿಸ್ತು ಎನ್ನುತ್ತೀಯ. ಪುಟದ ಸಂಖ್ಯೆ ಹೇಳಬೇಕು, ಚಿತ್ರ ಇದ್ದರೆ ಚಿತ್ರದ ಕೆಳಗಿನ ಬರಹವನ್ನೂ ಓದಬೇಕು, ನನಗೆ ಬೇಸರ ಬಂದರೆ ದನಿಯಲ್ಲಿ ಬೇಸರ ತೋರಿಸಬಾರದು. ದುಃಖದ ಭಾಗ ಬಂದಾಗ ನಾನು ದನಿ ಮೆತ್ತಗೆ ಮಾಡಿದರೆ ‘ನಾಟಕ ಬೇಡ, ಓದು. ಅಳೋದು ಬಿಡೋದು ನಾನು ನೋಡ್ಕೋತೀನಿ’ ಎನ್ನುವಳು. ದಾರಿಯಲ್ಲಿ ನಾನು ಅವಳ ತೋಳು ಹಿಡಿದು ಎಳೆಯುವ ಹಾಗಿಲ್ಲ. ಅವಳೇ ನನ್ನ ಮೊಣಕೈ ಹಿಡಿಯುತ್ತಾಳೆ. ಮೆಟ್ಟಿಲು ಬಂತು ಎಂದರೆ ಸಾಲದು, ಹತ್ತುವುದೋ ಇಳಿಯುವುದೋ ಹೇಳಬೇಕು. ಒಂದು ಸಲ ಹೇಳಲು ಮರೆತೆ. ಅವಳು ಮುಗ್ಗರಿಸಿದಳು. ನಾನು ಅಯ್ಯೋ ಅಯ್ಯೋ ಎಂದು ಕಿರುಚಿದೆ. ‘ನಿನ್ನ ಅಯ್ಯೋ ಪಾಪ ನಿನ್ನ ಹತ್ರಾನೇ ಇಟ್ಕೋ, ಎಷ್ಟು ಮೆಟ್ಟಿಲು ಅಂತ ಹೇಳು’ ಎಂದು ಮಂಡಿ ಒರೆಸಿಕೊಂಡಳು. ಅಹಂಕಾರಿ, ಅಮ್ಮ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ. ಆದರೂ ಆ ನಾಲ್ಕು ತಿಂಗಳಲ್ಲಿ ನಾನು ಕಲಿತದ್ದನ್ನು ಲ್ಯಾಬಿನಲ್ಲಿ ಎರಡು ವರ್ಷ ನಿಂತು ಕಲಿಯಲಿಲ್ಲ. ಒಬ್ಬಳೇ ಬ್ಯಾಂಕಿಗೆ ಹೋಗಿ ‘ನನ್ನ ಫಾರಂ ಯಾಕೆ ತಿರಸ್ಕರಿಸಿದ್ರಿ, ಬರೆದು ಕೊಡಿ’ ಎಂದು ಕೇಳುವಷ್ಟು ಬಾಯಿ ನನಗೆ ಎಲ್ಲಿಂದ ಬಂತು ಎಂದು ಕಳೆದ ರಜೆಯಲ್ಲಿ ನೀನು ಬೆರಗಾದೆಯಲ್ಲ, ಅಲ್ಲಿಂದ ಬಂತು.

ಇನ್ನು ಪರೀಕ್ಷೆ. ಬೇರೆಯವರಿಗೆ ಕೇಳಿಸಬಾರದೆಂದು ನಮಗೆ ಪ್ರತ್ಯೇಕ ಕೋಣೆ. ಹೆಸರಿಗೆ ಕೋಣೆ, ನಿಜಕ್ಕೂ ಮುರಿದ ಸ್ಟೂಲುಗಳನ್ನು ಪೇರಿಸಿಟ್ಟ ಉಗ್ರಾಣ. ಕಾವಲಿಗೆ ಆಟದ ಮೇಷ್ಟ್ರು, ಕಿಟಕಿಯ ಹತ್ತಿರ ಕೂತು ಪೇಪರು ಓದುತ್ತಿದ್ದರು. ಅವಳು ಬೆನ್ನು ನೆಟ್ಟಗೆ ಮಾಡಿಕೊಂಡು, ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ ಎಂದು ಎಲ್ಲವನ್ನೂ ಹೇಳುತ್ತ ಬರೆಸಿದಳು. ನಾಲ್ಕನೇ ಪ್ರಶ್ನೆ, ಒಂದು ಗಿರಣಿಯ ಕಾರ್ಮಿಕರು ಮುಷ್ಕರ ಹೂಡಿದ್ದಕ್ಕೆ ಕಾರಣಗಳೇನು ಎಂದು. ಪುಸ್ತಕದಲ್ಲಿ ಐದು ಕಾರಣಗಳಿವೆ. ಅವಳು ಮೂರು ಹೇಳಿ, ಸ್ವಲ್ಪ ತಡೆದು, ‘ಪೂರ್ಣವಿರಾಮ. ಮುಂದಿನ ಪ್ರಶ್ನೆ’ ಅಂದಳು.

ನನ್ನ ಪೆನ್ನು ನಿಲ್ಲಲಿಲ್ಲ. ನಾಲ್ಕನೆಯದನ್ನೂ ಐದನೆಯದನ್ನೂ ಬರೆದೆ. ಒಟ್ಟು ಒಂಬತ್ತು ಸಾಲು. ಅವಳ ಕಿವಿ ನಿನಗೆ ಗೊತ್ತಿಲ್ಲ, ಪೆನ್ನು ಕಾಗದದ ಮೇಲೆ ಓಡುವುದು ಅವಳಿಗೆ ಕೇಳಿಸುತ್ತದೆ. ‘ಇನ್ನೂ ಏನು ಬರೀತಿದೀಯ?’ ಎಂದು ಕೇಳಿದಳು. ‘ಹಿಂದಿನ ವಾಕ್ಯ ಮುಗಿಸ್ತಿದೀನಿ, ಕೈ ನೋಯ್ತಿದೆ’ ಎಂದೆ. ‘ಪಾಪ, ಸ್ವಲ್ಪ ನಿಲ್ಲಿಸು’ ಎಂದಳು. ನಾಲ್ಕು ತಿಂಗಳಲ್ಲಿ ಅವಳ ಬಾಯಿಂದ ‘ಪಾಪ’ ಎಂಬ ಮಾತು ಕೇಳಿದ್ದು ಅದೊಂದೇ ಸಲ. ನಾನು ಕೈ ಕೊಡವಿಕೊಂಡು, ಮುಂದಿನ ಪ್ರಶ್ನೆಗೆ ನಂಬರು ಹಾಕಿದೆ.

ಯಾಕೆ ಹಾಗೆ ಮಾಡಿದೆ ಎಂದು ನೀನೂ ಕೇಳಿದೆ, ಪ್ರಿನ್ಸಿಪಾಲರೂ ಕೇಳಿದರು. ಕನಿಕರ ಅಮ್ಮ, ಅಷ್ಟೇ. ಅಷ್ಟು ಕಷ್ಟಪಟ್ಟವಳಿಗೆ ಎರಡು ಕಾರಣ ಮರೆತುಹೋಯಿತಲ್ಲ ಎಂದು ಕರುಳು ಚುರುಕ್ ಎಂದಿತು. ಬೇರೆ ಏನೂ ಇಲ್ಲ.

ಪರೀಕ್ಷೆ ಮುಗಿದು ಹನ್ನೆರಡು ದಿನ ಆಗಿತ್ತು. ಇಬ್ಬರೂ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆವು. ಅವಳು ಸಪ್ಪಗಿದ್ದಳು. ತರಗತಿಯ ಗೆಳತಿಯೊಬ್ಬಳು ಮುಷ್ಕರದ ಪ್ರಶ್ನೆಗೆ ಐದು ಕಾರಣ ಬರೆದಳಂತೆ. ‘ಆರು ಸಲ ಕೇಳಿದೀನಿ ಆ ಪಾಠ. ನನಗೆ ಆ ಎರಡು ಹೇಗೆ ತಪ್ಪಿಹೋಯ್ತು?’ ಎಂದು ಒಂದೇ ಸಮ ಕೊರಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ‘ತಲೆ ಕೆಡಿಸ್ಕೋಬೇಡ, ಐದೂ ಇದೆ. ನಾನು ಹಾಕಿದೀನಿ’ ಎಂದೆ. ಬಂದು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ, ದೇವರಾಣೆ.

ಅವಳು ಕೈಯಲ್ಲಿದ್ದ ಒದ್ದೆ ಟವೆಲನ್ನು ಬಕೆಟ್ಟಿಗೆ ಹಾಕಿದಳು. ‘ಎಷ್ಟು ಸಾಲು?’ ಎಂದು ಕೇಳಿದಳು. ಒಂಬತ್ತು ಅಂದೆ. ‘ನನ್ನ ಪೇಪರಲ್ಲಿ ನಿನ್ನ ಒಂಬತ್ತು ಸಾಲು’ ಎಂದಳು. ಕೋಲು ತೆಗೆದುಕೊಂಡು ಇಳಿದು ಹೋದಳು. ನಾನು ಹಿಂದೆ ಓಡಿದೆ. ಬೈದೆ, ಬೇಡಿಕೊಂಡೆ. ಇಷ್ಟು ಸಣ್ಣ ವಿಷಯ, ಯಾರಿಗೆ ಗೊತ್ತಾಗುತ್ತೆ ಎಂದೆ. ಹುಚ್ಚಿ ಎಂದೆ, ಕೊಬ್ಬು ಎಂದೆ, ಉಪಕಾರ ಮಾಡಿದವರ ಕೈ ಕಚ್ಚುತ್ತೀಯ ಎಂದೂ ಅಂದೆ. ಮೆಟ್ಟಿಲ ಕೊನೆಯಲ್ಲಿ ನಿಂತು ಅವಳು ಹೇಳಿದ್ದು ಇಷ್ಟು: ‘ನನಗೆ ಬರೋ ಅಂಕ ಎಷ್ಟೇ ಕಡಿಮೆ ಇರಲಿ, ಅದು ನಾನು. ನೀನು ಹಾಕಿದ್ದಕ್ಕೆ ಅಂಕ ಬಂದರೆ, ನಾಳೆ ಮಕ್ಕಳ ಮುಂದೆ ನಿಂತು ಪಾಠ ಮಾಡೋವಾಗ ಯಾವ ಮಾತು ನಂದು, ಯಾವುದು ನಿಂದು ಅಂತ ನಾನು ಹೇಗೆ ತಿಳ್ಕೊಳ್ಳಲಿ?’ ನೇರ ಪರೀಕ್ಷಾ ವಿಭಾಗಕ್ಕೆ ಹೋಗಿ, ‘ನನ್ನ ಉತ್ತರಪತ್ರಿಕೆಯಲ್ಲಿ ನನ್ನದಲ್ಲದ ಉತ್ತರ ಇದೆ, ತೆಗೀರಿ’ ಎಂದು ಬರೆದುಕೊಟ್ಟಳು.

ಅವರು ಏನು ಮಾಡಿದರು ಎಂದು ನಿನಗೆ ಗೊತ್ತು. ಕದ್ದವಳು ತಾನೇ ಬಂದು ಹೇಳುತ್ತಾಳೆಯೇ, ಇದರಲ್ಲಿ ಏನೋ ಇದೆ ಎಂದರು. ಲಾಭ ಯಾರಿಗೋ ಅಪರಾಧ ಅವರದು ಎನ್ನುವುದು ಅವರ ಲೆಕ್ಕ. ಬರೆಯುವ ಹುಡುಗಿಯನ್ನು ಇವಳೇ ಪುಸಲಾಯಿಸಿದ್ದಾಳೆ, ಆಮೇಲೆ ಜಗಳ ಆಗಿದೆ, ಅದಕ್ಕೇ ಬಾಯಿಬಿಟ್ಟಿದ್ದಾಳೆ ಎಂದು ಕಥೆ ಕಟ್ಟಿದರು. ಅವಳ ಫಲಿತಾಂಶ ತಡೆಹಿಡಿದಿದ್ದಾರೆ. ಒಂದು ಶಾಲೆಯಲ್ಲಿ ಇತಿಹಾಸದ ಟೀಚರ್ ಕೆಲಸ ಅವಳಿಗೆ ಖಾತರಿಯಾಗಿತ್ತು, ಫಲಿತಾಂಶ ಒಂದು ಕೈಗೆ ಬರಬೇಕಿತ್ತು. ಶುಕ್ರವಾರ ವಿಚಾರಣಾ ಸಮಿತಿ. ನೀನು ಟೈಪು ಮಾಡಿದ ಆ ವಾಕ್ಯವನ್ನು ನಾನು ಕೊಟ್ಟರೆ ಅವಳು ಬರೆದುಕೊಟ್ಟ ದೂರೇ ಸುಳ್ಳು ಎಂದಾಗುತ್ತದೆ, ಅವಳಿಗೆ ಮೂರು ವರ್ಷ ಪರೀಕ್ಷೆ ಇಲ್ಲ, ಕೆಲಸವೂ ಇಲ್ಲ. ನಿಜ ಹೇಳಿದರೆ ಅವಳು ಆ ಒಂದು ಪತ್ರಿಕೆಯನ್ನು ಮುಂದಿನ ತಿಂಗಳು ಮತ್ತೆ ಬರೆಯುತ್ತಾಳೆ. ನನಗೆ ಎರಡು ವರ್ಷ ನಿಷೇಧ, ಹಾಸ್ಟೆಲ್ಲೂ ಖಾಲಿ. ‘ಕನಿಕರದಿಂದ ಆಯ್ತು ಅಂತ ಹೇಳಮ್ಮ, ಒಂದು ವರ್ಷಕ್ಕೆ ಇಳಿಸೋಕೆ ನೋಡ್ತೀನಿ’ ಎಂದು ಪ್ರಿನ್ಸಿಪಾಲರು ಮೆಲ್ಲಗೆ ಹೇಳಿದ್ದಾರೆ. ದೊರೆಸಾನಿ ನನ್ನ ಜೊತೆ ಮಾತು ಬಿಟ್ಟು ಒಂಬತ್ತು ದಿನ ಆಯಿತು.

ಇನ್ನು ನಿನ್ನ ಪತ್ರ.

‘ನಾನೂ ಸಾಹೇಬರ ತಪ್ಪನ್ನೆಲ್ಲ ತಿದ್ದಿಯೇ ಟೈಪ್ ಮಾಡೋದು, ಇಪ್ಪತ್ತಾರು ವರ್ಷದಲ್ಲಿ ಒಬ್ಬರೂ ಕೇಳಿಲ್ಲ, ಹೊಗಳಿದ್ದಾರೆ’ ಎಂದು ಬರೆದಿದ್ದೀಯ. ನಿಜ. ಸಾಹೇಬರು ಮನಸಾರೆ ತಪ್ಪು ಹೇಳುತ್ತಾರೆ, ನೀನು ಸದ್ದಿಲ್ಲದೆ ತಿದ್ದುತ್ತೀಯ, ಅವರು ಕನ್ನಡಕ ಹಾಕಿಕೊಂಡು ಓದಿ ಸಹಿ ಹಾಕುತ್ತಾರೆ. ಓದಿ, ಅಮ್ಮ. ಬೇಡವಾದರೆ ನಿನ್ನನ್ನು ಕರೆದು ಮತ್ತೆ ಟೈಪು ಮಾಡಿಸುತ್ತಾರೆ. ಪರೀಕ್ಷೆ ಮುಗಿದಾಗ ಉತ್ತರಪತ್ರಿಕೆಯ ಕೊನೆಯಲ್ಲಿ ಇವಳ ಬೆರಳನ್ನು ಹಿಡಿದು ‘ಇಲ್ಲಿ’ ಎಂದು ನಾನು ತೋರಿಸಿದೆ, ಇವಳು ಅಲ್ಲಿ ಸಹಿ ಹಾಕಿದಳು. ಮೇಲೆ ಇರುವುದೆಲ್ಲ ತಾನು ಹೇಳಿದ್ದೇ ಎಂದು ನನ್ನನ್ನು ನಂಬಿ ಹಾಕಿದಳು.

‘ಅವಳಿಗಾದರೆ ಯಾರಾದರೂ ಕನಿಕರ ತೋರಿಸ್ತಾರೆ, ನಿನಗೆ ಯಾರು ತೋರಿಸ್ತಾರೆ’ ಎಂದಿದ್ದೀಯ. ಈ ಮಾತಿಗೆ ನನಗೆ ಸಿಟ್ಟು ಬಂತು. ಇನ್ನೂ ಇಳಿದಿಲ್ಲ. ಕನಿಕರ ಅವಳಿಗೆ ಇಪ್ಪತ್ತೆರಡು ವರ್ಷದಿಂದ ಬೇಕಾದಷ್ಟು ಸಿಕ್ಕಿದೆ, ಹೊತ್ತು ಹೊತ್ತಿಗೆ ಬಡಿಸಿದ್ದಾರೆ. ಒಂದು ಕೆಲಸ ಸಿಕ್ಕಿರಲಿಲ್ಲ, ಈಗ ಸಿಕ್ಕಿತ್ತು.

‘ಹಾವೂ ಸಾಯಬೇಕು, ಕೋಲೂ ಮುರಿಯಬಾರದು’ ಎಂದು ಗಾದೆ ಬೇರೆ. ಇಲ್ಲಿ ಹಾವು ಯಾರಮ್ಮ? ಬಟ್ಟೆ ಒಣಹಾಕುತ್ತಿದ್ದವಳೇ? ನೀನು ನನಗೆ ಜ್ವರ ಬಂದಾಗ ರಜೆ ಹಾಕಿ ಹಾಸಿಗೆಯ ಪಕ್ಕ ಕೂರುತ್ತಿದ್ದವಳು, ಪಕ್ಕದ ಮನೆಯ ಅಜ್ಜಿಯ ಅರ್ಜಿಗಳನ್ನೆಲ್ಲ ಟೈಪು ಮಾಡಿಕೊಡುವವಳು. ಅಂಥವಳು ನೋಡಿಯೇ ಇರದ ಹುಡುಗಿಯ ಕುತ್ತಿಗೆಗೆ ಬರುವ ವಾಕ್ಯವನ್ನು ಅಷ್ಟು ಅಂದವಾಗಿ ಟೈಪು ಮಾಡಿದೆಯಲ್ಲ, ಒಂದೇ ಸಲಕ್ಕೆ ಬಂತಾ? ಬಂದಿರುವುದಿಲ್ಲ. ಆ ಹಾಳೆಯನ್ನು ನೀನು ಎರಡು ಸಲವಾದರೂ ಹರಿದು ಮತ್ತೆ ಟೈಪು ಮಾಡಿರುತ್ತೀಯ. ನಿನ್ನ ಮಗಳು ನಾನು, ನನಗೆ ಗೊತ್ತಾಗುತ್ತೆ.

‘ಅಪ್ಪನಿಗೆ ಹೇಳಿಲ್ಲ, ಬಿಪಿ ಏರುತ್ತೆ’ ಎಂದು ಮೂರು ಕಡೆ ಬರೆದಿದ್ದೀಯ. ನಿನ್ನೆ ನಾನೇ ಅಪ್ಪನಿಗೆ ಫೋನು ಮಾಡಿ ಎಲ್ಲಾ ಹೇಳಿದೆ. ಬಿಪಿ ಏರಲಿಲ್ಲ. ‘ಊಟ ಮಾಡಿದ್ಯಾ?’ ಎಂದರು. ಮಾಡಿದೆ ಅಂದೆ. ‘ಎರಡು ವರ್ಷ ಅಂದ್ರೆ ಎರಡೇ ವರ್ಷ ಕಣೇ. ಮನೆಗೆ ಬಾ, ಡ್ರೈವಿಂಗ್ ಕಲಿಸ್ತೀನಿ’ ಎಂದರು. ನೀನು ಅವರ ಮೇಲೆ ಕೂಗಾಡಬೇಡ. ನೀನು ಏನೋ ಮುಚ್ಚಿಡುತ್ತಿದ್ದೀಯ ಎಂದು ಅವರಿಗೆ ಮೊದಲೇ ಗೊತ್ತಿತ್ತಂತೆ. ನೀನು ಒಂದು ವಾರದಿಂದ ಸಾರಿಗೆ ಉಪ್ಪು ಹಾಕುತ್ತಿಲ್ಲವಂತೆ.

ಅಮ್ಮ, ನಾನು ಎರಡು ವರ್ಷಕ್ಕೆ ಹೆದರುವುದಿಲ್ಲ ಎಂದು ಹೇಳುತ್ತಿಲ್ಲ. ಹೆದರುತ್ತೇನೆ. ಜೊತೆಯವರೆಲ್ಲ ಪದವಿ ಮುಗಿಸಿ ಹೋಗುತ್ತಾರೆ, ನಾನು ಚಿಕ್ಕವರ ಜೊತೆ ಬೆಂಚಿನಲ್ಲಿ ಕೂರಬೇಕು. ನಿನ್ನ ಆಫೀಸಿನವರು ‘ಮಗಳು ಏನ್ಮಾಡ್ತಿದಾಳೆ’ ಎಂದು ಕೇಳಿದರೆ ನೀನು ಏನು ಹೇಳುತ್ತೀಯ ಎಂದು ರಾತ್ರಿ ಮಲಗಿಕೊಂಡು ಯೋಚಿಸುತ್ತೇನೆ. ಆದರೆ ಮಾಡಿದ್ದುಣ್ಣೋ ಮಹರಾಯ ಎನ್ನುವುದನ್ನು ನೀನೇ ನನಗೆ ಹೇಳಿಕೊಟ್ಟದ್ದು, ಬೇರೆಯವರು ಮಾಡಿದ್ದನ್ನು ನನ್ನ ಪಾಲಿಗೆ ಬಡಿಸುವಾಗ ನೀನು ಬಿಟ್ಟಿರಲಿಲ್ಲ. ಈಗ ನಾನು ಮಾಡಿದ್ದನ್ನು ಇನ್ನೊಬ್ಬರಿಗೆ ಬಡಿಸುವುದನ್ನು ನಾನು ಬಿಡುವುದಿಲ್ಲ. ಶುಕ್ರವಾರ ಹತ್ತು ಗಂಟೆಗೆ ತಲೆ ಎತ್ತಿಕೊಂಡು ಹೋಗುತ್ತೇನೆ. ಒಂಬತ್ತು ಸಾಲು ನನ್ನದು, ಅವಳು ಕೇಳಿರಲಿಲ್ಲ, ಅವಳಿಗೆ ಸುಳ್ಳು ಹೇಳಿ ಬರೆದೆ, ಕನಿಕರದಿಂದ ಬರೆದೆ ಎನ್ನುತ್ತೇನೆ. ಈ ಪತ್ರ ನಿನ್ನ ಕೈಗೆ ಬರುವಾಗ ಅದು ಮುಗಿದಿರುತ್ತದೆ. ನೀನು ಬಸ್ಸು ಹತ್ತಿ ಬರುವುದು ಬೇಡ. ಬಂದರೆ ಬಾ, ಆದರೆ ನನ್ನ ಪರವಾಗಿ ಮಾತಾಡಲು ಬರಬೇಡ.

ಕೋಪ ಮಾಡಿಕೊ, ಉಪವಾಸ ಮಾತ್ರ ಮಾಡಬೇಡ.

ಇಂತಿ, ನಿನ್ನ ಮಾತು ಮೊದಲ ಸಲ ಮೀರುತ್ತಿರುವ,
ನಿನ್ನ ಮೊಂಡಿ

ತಾ.ಕ.: ಇದನ್ನು ಮಾತ್ರ ನನ್ನ ಕೈಯಲ್ಲಿ ಬರೆಯುತ್ತಿದ್ದೇನೆ. ಇಷ್ಟು ಹೊತ್ತು ನೀನು ಅಳುತ್ತಲೋ ಬೈಯುತ್ತಲೋ ಓದಿರುತ್ತೀಯ, ಅದರ ಜೊತೆಗೆ ಟೈಪಿಂಗಿನಲ್ಲಿ ತಪ್ಪು ಹುಡುಕುತ್ತಲೂ ಇರುತ್ತೀಯ, ಅಭ್ಯಾಸ ಬಿಡುತ್ತದೆಯೇ. ಒಂದೂ ಸಿಕ್ಕಿರುವುದಿಲ್ಲ. ಯಾಕೆಂದರೆ ಟೈಪು ಮಾಡಿದ್ದು ನಾನಲ್ಲ, ದೊರೆಸಾನಿ.

ಬೆಳಗ್ಗೆ ಅವಳ ಬಾಗಿಲು ತಟ್ಟಿ, ‘ಅಮ್ಮನಿಗೆ ಒಂದು ಪತ್ರ ಇದೆ, ನಾನು ಹೇಳ್ತೀನಿ, ಬರ್ಕೊಡ್ತೀಯಾ?’ ಎಂದು ಕೇಳಿದೆ. ನನ್ನ ಮಾತನ್ನು ಇನ್ನೊಬ್ಬರ ಕೈಗೆ ಕೊಟ್ಟು ಕೂತಾಗ ಹೇಗಿರುತ್ತದೆ ಎಂದು ಒಂದು ಸಲವಾದರೂ ತಿಳಿಯಬೇಕಿತ್ತು. ಒಂಬತ್ತು ದಿನ ಮಾತು ಬಿಟ್ಟವಳು, ‘ಹೇಳಿದ್ದಷ್ಟೇ ಬರೀತೀನಿ’ ಎಂದಳು. ನಾನು ಪರದೆ ಕಾಣದ ಹಾಗೆ ಗೋಡೆಗೆ ಮುಖ ಮಾಡಿ ಕೂತೆ. ಅಹಂಕಾರಿ ಎಂದದ್ದನ್ನೂ, ಕೊಬ್ಬು ಎಂದದ್ದನ್ನೂ ಅವಳು ಚಕಾರ ಎತ್ತದೆ ಟೈಪು ಮಾಡಿದಳು. ಒಂದೇ ಒಂದು ಕಡೆ ಅವಳ ಬೆರಳು ನಿಂತಿತು. ‘ಕನಿಕರ ಅಮ್ಮ, ಅಷ್ಟೇ’ ಎಂದು ನಾನು ಹೇಳಿದ ಕಡೆ. ಸುಮಾರು ಹೊತ್ತು ಕೀಲಿಗಳ ಸದ್ದೇ ಇಲ್ಲ. ಆಮೇಲೆ ಮತ್ತೆ ಟೈಪಿಸಿದಳು. ಕೊನೆಯಲ್ಲಿ ಯಂತ್ರ ಎಲ್ಲವನ್ನೂ ಓದಿ ಹೇಳಿದಾಗ, ಆ ಸಾಲು ನಾನು ಹೇಳಿದ ಹಾಗೇ ಇತ್ತು.

ಅದು ಸುಳ್ಳು ಅಮ್ಮ. ಅವಳಿಗೆ ಅದು ಗೊತ್ತಿದೆ. ಮುಷ್ಕರದ ಪಾಠ ಓದಿದ ದಿನ ಗೆಳತಿಯರು ಗೇಟಿನಲ್ಲಿ ಕಾಯುತ್ತಿದ್ದರು, ಈಜುಕೊಳಕ್ಕೆ ಹೋಗುವುದಿತ್ತು. ನೂರ ಹನ್ನೆರಡನೇ ಪುಟ ಮುಗಿಸಿ, ‘ಪುಟ ನೂರ ಹದಿಮೂರು’ ಎಂದು ಬಾಯಲ್ಲಿ ಹೇಳಿ, ನೂರ ಹದಿನೈದನ್ನು ಓದಿದೆ. ಆ ಎರಡು ಕಾರಣ ಅವಳು ಮರೆತದ್ದಲ್ಲ, ನಾನು ಕೊಡಲೇ ಇಲ್ಲ; ರೆಕಾರ್ಡನ್ನು ಮತ್ತೆ ಕೇಳಿ ಅವಳು ಅದನ್ನು ಕಂಡುಕೊಂಡಿದ್ದಾಳೆ. ಪರೀಕ್ಷೆಯಲ್ಲಿ ಅವಳು ಮೂರಕ್ಕೆ ನಿಲ್ಲಿಸಿದಾಗ ನನಗೆ ಬಂದದ್ದು ಕನಿಕರವಲ್ಲ, ಭಯ. ನನ್ನ ಕಳ್ಳತನ ಮುಚ್ಚಲು ಆ ಒಂಬತ್ತು ಸಾಲು ಬರೆದೆ.

‘ಗೊತ್ತಿದ್ದೂ ಯಾಕೆ ಹಾಗೇ ಬರೆದೆ?’ ಎಂದು ಕೇಳಿದೆ. ‘ನಿನ್ನ ಪತ್ರ, ನಿನ್ನ ಮಾತು. ನಾನು ತಿದ್ದಲ್ಲ’ ಎಂದಳು. ಪ್ರಿಂಟಾದ ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟು, ಬಾಗಿಲು ಹಾಕಿಕೊಂಡಳು.

ಶುಕ್ರವಾರ ನಾನು ಓದದೆ ಹಾರಿಸಿದ ಆ ಎರಡು ಪುಟಗಳ ವಿಷಯವನ್ನೂ ಸಮಿತಿಯ ಮುಂದೆ ಹೇಳುತ್ತೇನೆ. ಪ್ರಿನ್ಸಿಪಾಲರು ಇಳಿಸುತ್ತೇನೆಂದ ಆ ಒಂದು ವರ್ಷ ಹೋಯಿತು ಎಂದುಕೋ. ನೀನು ಕೆಂಪು ಪೆನ್ನು ಹಿಡಿದು ಕೂತಿದ್ದರೆ, ಮೇಲಿನ ಆ ಕನಿಕರದ ಸಾಲನ್ನು ಹೊಡೆದು ಹಾಕಬೇಡ. ಅದನ್ನು ಹೇಳಿದ್ದು ನಾನೇ, ಹಾಗೇ ಇರಲಿ.